ಐನೂರು ರೂಪಾಯಿ ದಂಡ ತಪ್ಪಿಸಲು ಹೋಗಿ ಕಳೆದ ಒಂಬತ್ತು ತಿಂಗಳು

ಹೋದ ವಾರ ನಮ್ಮ ಸ್ಕೂಟರಿನ ಹೊಸ ಆರ್‌ಸಿ ಕಾರ್ಡು ಅಂಚೆಯಲ್ಲಿ ಬಂತು. 2025ರ ಜೂನ್‌ನಲ್ಲಿ ಶುರುವಾದ ತಾಪತ್ರಯ ಅಲ್ಲಿಗೆ ಮುಗಿಯಿತು. ನಡುವೆ ಠಾಣೆ, ಕೋರ್ಟು, ಆರ್‌ಟಿಒ, ನಾಡಕಚೇರಿ ಅಂತ ಎಷ್ಟು ಸಲ ಅಲೆದೆ ಅನ್ನುವ ಲೆಕ್ಕವೇ ಇಲ್ಲ. ಪೊಲೀಸರು ಕೈ ಅಡ್ಡ ಹಿಡಿದಾಗ ನಿಲ್ಲಿಸದೆ ಹೋದರೆ ಏನಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಮನೆಗೊಂದು ನೋಟಿಸು ಬರಬಹುದು, ದಂಡ ಕಟ್ಟಿದರಾಯಿತು ಅಂದುಕೊಂಡಿದ್ದೆ.

ನಾನು ಎಸಿ ಮೆಕ್ಯಾನಿಕ್. ಕೆಲಸ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ, ಮನೆ ಬೊಂದೆಲ್ ಕಡೆ. ಅವತ್ತು ಶುಕ್ರವಾರ ಸಂಜೆ, ಏಳು ಗಂಟೆಯ ಹೊತ್ತು, ಜಿಟಿಜಿಟಿ ಮಳೆ. ಹಿಂದೆ ದೊಡ್ಡಮ್ಮನ ಮಗ ಕೂತಿದ್ದ. ನನ್ನ ತಲೆಯಲ್ಲಿ ಹೆಲ್ಮೆಟ್ ಇತ್ತು, ಅವನ ತಲೆಯಲ್ಲಿ ಇರಲಿಲ್ಲ. ಹೆದ್ದಾರಿಯಲ್ಲಿ ಕುಂಟಿಕಾನ ದಾಟಿ ಕೆಪಿಟಿ ಜಂಕ್ಷನ್ ಹತ್ತಿರ ಬಂದಾಗ ಮುಂದೆ ಹೊಳೆಯುವ ಹಳದಿ ಜಾಕೆಟ್ಟುಗಳು ಕಂಡವು. ಚೆಕಿಂಗ್.

ಹಿಂಬದಿ ಸವಾರನಿಗೆ ಹೆಲ್ಮೆಟ್ ಇಲ್ಲದಿದ್ದರೆ ನಮ್ಮಲ್ಲಿ 500 ರೂಪಾಯಿ. ಅಷ್ಟೇ ಆಗಿದ್ದರೆ ಕಟ್ಟಿ ಹೋಗುತ್ತಿದ್ದೆನೇನೋ. ಆದರೆ ಹೊಗೆ ತಪಾಸಣೆಯ ಸರ್ಟಿಫಿಕೇಟ್ ಮುಗಿದು ಎರಡು ತಿಂಗಳಾಗಿತ್ತು. ಅದಕ್ಕಿಂತ ಜಾಸ್ತಿ ಹೆದರಿಕೆ ಆರ್‌ಸಿಯದ್ದು. ಸ್ಕೂಟರು ಅಪ್ಪನ ಹೆಸರಿನಲ್ಲೇ ಇತ್ತು. ಅಪ್ಪ ತೀರಿಹೋಗಿ ಎರಡು ವರ್ಷ. ಇವತ್ತು ಮಾಡಿಸೋಣ, ನಾಳೆ ಮಾಡಿಸೋಣ ಅಂತ ಹೆಸರು ಬದಲಾಯಿಸಿಯೇ ಇರಲಿಲ್ಲ.

ಒಬ್ಬರು ಪೊಲೀಸರು ಕೈ ತೋರಿಸಿದರು. ನಾನು ವೇಗ ತಗ್ಗಿಸಿದೆ, ನಿಲ್ಲಿಸುವವನ ಹಾಗೆ ಎಡಕ್ಕೆ ಬಂದೆ. ಆಮೇಲೆ ಏನಾಯಿತೋ, ಗಕ್ಕನೆ ತಿರುಗಿಸಿ ಬಂದ ದಾರಿಯಲ್ಲೇ ಎದುರು ದಿಕ್ಕಿಗೆ ಓಡಿಸಿದೆ. ಹಿಂದಿನಿಂದ ತಮ್ಮ "ಅಣ್ಣ, ನಿಲ್ಸು, ನಿಲ್ಸು" ಅಂತ ಬೆನ್ನಿಗೆ ಗುದ್ದುತ್ತಿದ್ದ. ರಸ್ತೆ ಬದಿಯಲ್ಲಿ ಕೊಡೆ ಹಿಡಿದು ಬರುತ್ತಿದ್ದ ಹಿರಿಯರೊಬ್ಬರು ಲೈಟು ಕಣ್ಣಿಗೆ ಹೊಡೆದು ಪಕ್ಕಕ್ಕೆ ಹಾರಿದರು. ಕನ್ನಡಿ ಅವರ ಕೈಗೆ ತಾಗಿತು. ಕೊಡೆ ಚಕ್ರದ ಅಡಿಗೆ ಬಂತು. ಅದರ ಕಡ್ಡಿಗಳು ಪಟಪಟ ಮುರಿದ ಸದ್ದು ನನಗೆ ಈಗಲೂ ಕೇಳುತ್ತದೆ. ಕನ್ನಡಿಯಲ್ಲಿ ಅವರು ಕೂತಲ್ಲೇ ಇದ್ದದ್ದು ಕಂಡಿತು. ನಾನು ನಿಲ್ಲಿಸಲಿಲ್ಲ.

ಸಿನಿಮಾದಲ್ಲಿ ತೋರಿಸುವ ಹಾಗೆ ಯಾರೂ ಜೀಪು ತಗೊಂಡು ಬೆನ್ನಟ್ಟಲಿಲ್ಲ. ಆಮೇಲೆ ಗೊತ್ತಾಯಿತು, ಅದರ ಅಗತ್ಯವೇ ಇಲ್ಲ. ನಂಬರ್ ಬರೆದುಕೊಂಡಿದ್ದರು, ಜಂಕ್ಷನ್ನಿನ ಕ್ಯಾಮೆರಾ ಇತ್ತು, ಸಾಕು.

ಶನಿವಾರ, ಭಾನುವಾರ, ಸೋಮವಾರ ಏನೂ ಆಗಲಿಲ್ಲ. ಮೊದಲ ರಾತ್ರಿ ನಿದ್ದೆ ಬರಲಿಲ್ಲ, ಮೂರನೇ ರಾತ್ರಿ ಚೆನ್ನಾಗಿ ಬಂತು. ಬಚಾವಾದೆ ಅಂದುಕೊಂಡೆ. ಮಂಗಳವಾರ ಬೆಳಿಗ್ಗೆ ಇಬ್ಬರು ಪೊಲೀಸರು ಮನೆಗೆ ಬಂದರು. ಬಾಗಿಲು ತೆಗೆದದ್ದು ಅಮ್ಮ. ಅವರು ಅಪ್ಪನ ಹೆಸರು ಹೇಳಿ, "ಇದ್ದಾರಾ?" ಅಂತ ಕೇಳಿದರು. ಅಮ್ಮ ಒಂದು ನಿಮಿಷ ಏನೂ ಹೇಳಲಿಲ್ಲ. ಆಮೇಲೆ ಗೋಡೆಯ ಮೇಲಿದ್ದ ಫೋಟೋ ತೋರಿಸಿದರು.

ಅವರು ತಂದದ್ದು ಮೋಟಾರು ವಾಹನ ಕಾಯ್ದೆಯ ಕಲಂ 133ರ ನೋಟಿಸು. ಇಂಥ ದಿನ ಇಂಥ ಹೊತ್ತಿಗೆ ವಾಹನ ಓಡಿಸಿದವರು ಯಾರು ಅಂತ ಮಾಲೀಕರು ಹೇಳಲೇಬೇಕು. ಹೇಳದಿದ್ದರೆ ಅದೇ ಬೇರೆ ಅಪರಾಧ. "ನಾನೇ ಸರ್, ನಾನೇ ಓಡಿಸಿದ್ದು" ಅಂತ ಒಳಗಿನಿಂದ ಬಂದೆ. ವಯಸ್ಸಾದ ಪೊಲೀಸರು ನನ್ನನ್ನು ಮೇಲಿಂದ ಕೆಳಗೆ ನೋಡಿ ತುಳುವಿನಲ್ಲಿ "ದಾಯೆ ಮಾರಾಯ?" ಅಂದರು. ಯಾಕೆ ಅಂತ ಹೇಳಲು ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಕೂಟರು ತಗೊಂಡು ಠಾಣೆಗೆ ಬಾ ಅಂದರು.

ಹೋಗುವ ಮೊದಲು ಪರಿಚಯದ ವಕೀಲರಿಗೆ ಫೋನ್ ಮಾಡಿದೆ. ಇದೊಂದು ಕೆಲಸ ಸರಿಯಾಗಿ ಮಾಡಿದೆ ಅನ್ನಿಸುತ್ತದೆ. "ಸುಳ್ಳು ಹೇಳಬೇಡ. ಯಾವ ಕಾಗದಕ್ಕೂ ಓದದೆ ಸಹಿ ಹಾಕಬೇಡ. ಜಾಮೀನು ಹಾಕುವವರೊಬ್ಬರು ಜೊತೆಗಿರಲಿ" ಅಂದರು. ಕಿನ್ನಿಗೋಳಿಯಿಂದ ಸೋದರಮಾವ ಜಮೀನಿನ ಆರ್‌ಟಿಸಿ, ಆಧಾರ್ ಹಿಡಿದುಕೊಂಡು ಬಸ್ಸು ಹತ್ತಿ ಬಂದರು.

ಎಫ್‌ಐಆರ್‌ನಲ್ಲಿ ಇದ್ದದ್ದು ಇಷ್ಟು. ಭಾರತೀಯ ನ್ಯಾಯ ಸಂಹಿತೆಯ ಕಲಂ 281, ಅಂದರೆ ಅಜಾಗರೂಕತೆಯಿಂದ ವಾಹನ ಓಡಿಸಿದ್ದು. ಆರು ತಿಂಗಳವರೆಗೆ ಸಜೆ ಅಥವಾ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆ ಹಿರಿಯರಿಗೆ ಗಾಯವಾದದ್ದಕ್ಕೆ ಕಲಂ 125(ಎ). ಆರು ತಿಂಗಳು ಅಥವಾ 5000. ಡಿಕ್ಕಿ ಹೊಡೆದು ನಿಲ್ಲಿಸದೆ, ಆಸ್ಪತ್ರೆಗೆ ಸೇರಿಸದೆ ಹೋದದ್ದಕ್ಕೆ ಮೋಟಾರು ವಾಹನ ಕಾಯ್ದೆಯ 134, ಅದರ ಶಿಕ್ಷೆ 187ರಲ್ಲಿದೆ, ಅದೂ ಆರು ತಿಂಗಳು ಅಥವಾ 5000. ಪೊಲೀಸರು ಹೇಳಿದ್ದನ್ನು ಕೇಳದ್ದಕ್ಕೆ 179. ಹಳೇ ಐಪಿಸಿ ನಂಬರುಗಳು ಗೊತ್ತಿರುವವರಿಗೆ: 2024ರ ಜುಲೈ 1ರ ನಂತರ 279 ಹೋಗಿ 281 ಆಗಿದೆ, 337 ಹೋಗಿ 125(ಎ) ಆಗಿದೆ. ಠಾಣೆಯಲ್ಲಿ ಮಾತಾಡುವಾಗ ಹಳೇ ನಂಬರೇ ಬಾಯಿಗೆ ಬರುತ್ತದೆ, ಕಾಗದದಲ್ಲಿ ಹೊಸದು. ನನಗೆ ಎರಡು ಬೇರೆ ಬೇರೆ ಕೇಸು ಹಾಕಿದ್ದಾರೇನೋ ಅಂತ ಭಯವಾಗಿತ್ತು.

ಎಲ್ಲವೂ ಜಾಮೀನು ಸಿಗುವಂಥವು. "ಕೈ ತೋರಿಸಿದವರಿಗೆ ಬೇಕೆಂದೇ ಗುದ್ದಿಕೊಂಡು ಹೋಗಿದ್ದರೆ ಕತೆಯೇ ಬೇರೆ ಇತ್ತು" ಅಂತ ಠಾಣೆಯ ಬರಹಗಾರರು ಹೇಳಿದರು. ಕರ್ತವ್ಯದಲ್ಲಿರುವ ಸರ್ಕಾರಿ ನೌಕರರ ಮೇಲೆ ಬಲ ಪ್ರಯೋಗ ಅಂದರೆ ನ್ಯಾಯ ಸಂಹಿತೆಯ 132. ಎರಡು ವರ್ಷದವರೆಗೆ ಸಜೆ, ಠಾಣೆಯಲ್ಲಿ ಜಾಮೀನು ಇಲ್ಲ. ಆ ಪೊಲೀಸರಿಗೂ ನನ್ನ ಸ್ಕೂಟರಿಗೂ ನಡುವೆ ಒಂದು ಮೊಳ ಜಾಗ ಇತ್ತೋ ಏನೋ. ಅದನ್ನು ನೆನೆದರೆ ಹೊಟ್ಟೆ ತಣ್ಣಗಾಗುತ್ತದೆ.

ನಾಗರಿಕ ಸುರಕ್ಷಾ ಸಂಹಿತೆಯ 35(3)ರ ನೋಟಿಸು ಕೊಟ್ಟರು. ಕರೆದಾಗ ಬರಬೇಕು, ಬಂದರೆ ಸುಮ್ನೆ ಬಂಧಿಸುವ ಹಾಗಿಲ್ಲ. ಈ ನೋಟಿಸಿನ ಪ್ರತಿ ಜೋಪಾನ ಮಾಡಿ. ಡಿಎಲ್ ತೆಗೆದುಕೊಂಡು ಅದಕ್ಕೊಂದು ಸ್ವೀಕೃತಿ ಚೀಟಿ ಕೊಟ್ಟರು. ಠಾಣಾ ಜಾಮೀನಿಗೆ ಮಾವ ಸಹಿ ಹಾಕಿದರು. ಬೆಳಿಗ್ಗೆ ಹನ್ನೊಂದಕ್ಕೆ ಹೋದವರು ಹೊರಗೆ ಬರುವಾಗ ಸಂಜೆ ಆರೂವರೆ. ಮಾವ ಬೈಯಲಿಲ್ಲ. ಹೋಟೆಲಿಗೆ ಕರೆದುಕೊಂಡು ಹೋಗಿ ಗೋಳಿಬಜೆ ತರಿಸಿದರು. ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಮರುದಿನ ಸ್ಥಳ ಮಹಜರು. ಅದರ ಪ್ರತಿ ಆಮೇಲೆ ಓದಿದೆ. ರಸ್ತೆಯ ಅಗಲ, ಬೀದಿದೀಪದ ಕಂಬ, ಎಲ್ಲದರ ಜೊತೆ ಒಂದು ಸಾಲು: "ಕಪ್ಪು ಬಣ್ಣದ ಹಳೆಯ ಕೊಡೆ ಒಂದು, ಮೂರು ಕಡ್ಡಿ ಮುರಿದಿರುತ್ತದೆ." ಆ ಹಿರಿಯರಿಗೆ ವೆನ್ಲಾಕ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಆಗಿತ್ತು. ಮಂಡಿ ತರಚಿತ್ತು, ಮಣಿಕಟ್ಟು ಉಳುಕಿತ್ತು. ಹೋಗಿ ನೋಡಿ ಬರುತ್ತೇನೆ ಅಂದೆ. "ಈಗ ಬೇಡ. ಸಾಕ್ಷಿಗೆ ಒತ್ತಡ ಹಾಕಲು ಹೋದೆ ಅಂತಾಗುತ್ತದೆ" ಅಂತ ವಕೀಲರು ತಡೆದರು. ಕಾನೂನಿನ ಪ್ರಕಾರ ಅದು ಸರಿಯೇ. ಆದರೆ ಒಂಬತ್ತು ತಿಂಗಳಲ್ಲಿ ನನಗೆ ಅತಿ ಕಷ್ಟವಾದದ್ದು ಅದೇ.

ಇನ್ನು ಸ್ಕೂಟರಿನ ಕತೆ. ಓದುವವರಲ್ಲಿ ಯಾರದ್ದಾದರೂ ಗಾಡಿ ತೀರಿಹೋದವರ ಹೆಸರಿನಲ್ಲಿದ್ದರೆ ಈ ಭಾಗವನ್ನು ನಿಧಾನಕ್ಕೆ ಓದಿ.

ಅಪಘಾತದ ಗಾಡಿಯನ್ನು ಪೊಲೀಸರು ವಶಕ್ಕೆ ತೆಗೆದುಕೊಳ್ಳುತ್ತಾರೆ. ಮೋಟಾರು ವಾಹನ ನಿರೀಕ್ಷಕರು ಬಂದು ಬ್ರೇಕು ಸರಿ ಇತ್ತಾ ಅಂತ ನೋಡಿ ವರದಿ ಕೊಡಬೇಕು. ಅದಕ್ಕೆ ಎಂಟು ದಿನ ಹಿಡಿಯಿತು. ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹಾಕಬೇಕು. ವಾಹನಗಳನ್ನು ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿಯಲು ಬಿಡಬಾರದು, ಬಾಂಡ್ ಬರೆಸಿಕೊಂಡು ಬೇಗ ಬಿಡಬೇಕು ಅಂತ ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆಯಂತೆ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಸಿಗುತ್ತದೆ. ಆದರೆ ಸಿಗುವುದು ಆರ್‌ಸಿಯಲ್ಲಿ ಹೆಸರಿದ್ದವರಿಗೆ.

"ಆರ್‌ಸಿ ಯಾರ ಹೆಸರಲ್ಲಿ ಉಂಟು?" ಅಂತ ವಕೀಲರು ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಇನ್ಶೂರೆನ್ಸ್?" ಅದೂ ಅಪ್ಪನ ಹೆಸರಲ್ಲೇ, ಪ್ರತಿ ವರ್ಷ ನಾನೇ ಆನ್‌ಲೈನಿನಲ್ಲಿ ಕಟ್ಟುತ್ತಿದ್ದೆ. ಚಾಲ್ತಿಯಲ್ಲಿತ್ತು ಅನ್ನುವುದೊಂದೇ ಸಮಾಧಾನ.

ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಹಾಕಿ ವಾರಸುದಾರರ ಹೆಸರಿಗೆ ಮಾಡಿಸಬೇಕು. ನಾನು ಎರಡು ವರ್ಷ ಸುಮ್ಮನಿದ್ದೆ. ಈಗ ಮಾಡಿಸೋಣ ಅಂತ ಆರ್‌ಟಿಒಗೆ ಹೋದರೆ, "ಗಾಡಿ ಪೊಲೀಸ್ ಕೇಸಲ್ಲಿ ಉಂಟಲ್ಲ, ಮೊದಲು ಬಿಡಿಸಿಕೊಂಡು ಬನ್ನಿ" ಅಂದರು. ಬಿಡಿಸಲು ಹೋದರೆ ಆರ್‌ಸಿ ಕೇಳುತ್ತಾರೆ. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಕೂತು ಒಂದು ಗಂಟೆ ಯಾವ ಬಸ್ಸನ್ನೂ ಹತ್ತದೆ ನೋಡುತ್ತಾ ಇದ್ದೆ ಆವತ್ತು.

ಕೊನೆಗೆ ವಕೀಲರು ಅಮ್ಮನ ಹೆಸರಿನಲ್ಲಿ, ಮೃತರ ವಾರಸುದಾರರು ಅಂತ ಅರ್ಜಿ ಹಾಕಿದರು. ಅದಕ್ಕೆ ಬೇಕಾದದ್ದು ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ನಾನು ಮತ್ತು ಅಕ್ಕ ಇಬ್ಬರೂ "ನಮ್ಮ ಆಕ್ಷೇಪ ಇಲ್ಲ" ಅಂತ ಬರೆದುಕೊಟ್ಟ ಅಫಿಡವಿಟ್, ಆರ್‌ಸಿ, ವಿಮೆ, ಗಾಡಿಯ ಫೋಟೋಗಳು, ಜಾಮೀನುದಾರರು. ವಂಶವೃಕ್ಷಕ್ಕೆ ಮೂರು ವಾರ ಹೋಯಿತು. ನಾಡಕಚೇರಿಯಲ್ಲಿ ಅರ್ಜಿ, ಆಮೇಲೆ ಉಗ್ರಾಣಿ, ಅಂದರೆ ಗ್ರಾಮ ಸಹಾಯಕ, ಮನೆಗೆ ಬಂದು ವಿಚಾರಿಸಬೇಕು, ಆಮೇಲೆ ಗ್ರಾಮ ಆಡಳಿತ ಅಧಿಕಾರಿಯ ವರದಿ. ಅಕ್ಕ ಮದುವೆಯಾಗಿ ಶಿವಮೊಗ್ಗದಲ್ಲಿರುವುದು. ಆಧಾರಿನಲ್ಲಿ ಅವಳ ಹೆಸರಿನ ಮುಂದೆ ಗಂಡನ ಮನೆಯ ಹೆಸರು, ಶಾಲೆಯ ಟಿಸಿಯಲ್ಲಿ ಬೇರೆ. ಅದಕ್ಕೆ ಇನ್ನೊಂದು ಅಫಿಡವಿಟ್, ಇನ್ನೊಂದು ಸ್ಟಾಂಪ್ ಪೇಪರ್. ಆಗುಂಬೆ ಘಾಟಿ ಇಳಿದು ಬರಲು ಅವಳಿಗೆ ಮಳೆಗಾಲದಲ್ಲಿ ಒಂದು ಇಡೀ ದಿನ.

ಆಮೇಲೆ ತಿಳಿದ ಒಂದು ವಿಷಯ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೇ. ಅರ್ಜಿ ಅಮ್ಮನ ಹೆಸರಲ್ಲೇ ಇದ್ದದ್ದರಿಂದ ಆ ಖರ್ಚು ಉಳಿಸಬಹುದಿತ್ತು. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ನಾನು ಎಲ್ಲಾ ಸೇರಿ ವಕೀಲರಿಗೆ 12,000 ಕೊಟ್ಟೆ.

ಆಗಸ್ಟ್ 20ಕ್ಕೆ ಬಿಡುಗಡೆಯ ಆದೇಶ ಹಿಡಿದು ಠಾಣೆಗೆ ಹೋದರೆ, ಗಾಡಿಯ ಮೇಲೆ ಹಳೇ ಇ-ಚಲನ್ ಮೂರು ಉಂಟು, ಕಟ್ಟಿ ಅಂದರು. ತಲಾ 500. ಅಲ್ಲೇ 1500 ಕಟ್ಟಿದೆ. ಮೂರು ದಿನ ಬಿಟ್ಟು, ಆಗಸ್ಟ್ 23ರಿಂದ ಹಳೇ ದಂಡಗಳಿಗೆ ಅರ್ಧ ರಿಯಾಯಿತಿ ಅಂತ ಸರ್ಕಾರದ ಪ್ರಕಟಣೆ ಜಾರಿಗೆ ಬಂತು. ನನ್ನ ಹಣೆಬರಹ.

ಸ್ಕೂಟರು ಠಾಣೆಯ ಹಿಂದೆ ಎರಡು ತಿಂಗಳು ಮಳೆಯಲ್ಲಿ ನೆನೆದಿತ್ತು. ಸೀಟಿನ ಹೊಲಿಗೆಯಲ್ಲಿ ಹಸಿರು ಪಾಚಿ. ಕಾಲಿಡುವ ಜಾಗದಲ್ಲಿ ಎಲೆ ಕೊಳೆತು ಅದರಲ್ಲೊಂದು ಪುಟ್ಟ ಗಿಡ ಎರಡು ಎಲೆ ಬಿಟ್ಟಿತ್ತು. ಬ್ಯಾಟರಿ ಸತ್ತಿತ್ತು. ನನ್ನ ಡಿಎಲ್ ಅವರ ಹತ್ತಿರವೇ ಇದ್ದದ್ದರಿಂದ ನಾನು ಓಡಿಸುವ ಹಾಗಿಲ್ಲ. ತಮ್ಮ ಗೂಡ್ಸ್ ರಿಕ್ಷಾ ತಂದ. ಮೆಕ್ಯಾನಿಕ್ಕಿಗೆ 3,400. ಬಾಂಡಿನಲ್ಲಿ ಇನ್ನೊಂದು ಷರತ್ತು ಇತ್ತು: ಕೇಸು ಮುಗಿಯುವವರೆಗೆ ಗಾಡಿಯನ್ನು ಮಾರಬಾರದು, ಪರಭಾರೆ ಮಾಡಬಾರದು. ಹಾಗಾಗಿ ಹೆಸರು ಬದಲಾವಣೆಯ ವಿಷಯ ಮತ್ತೆ ಮುಂದಕ್ಕೆ ಹೋಯಿತು.

ಡಿಎಲ್ ಆರ್‌ಟಿಒಗೆ ಹೋಗಿತ್ತು. ಯಾಕೆ ಅಮಾನತು ಮಾಡಬಾರದು ಅಂತ ಅಲ್ಲಿಂದ ನೋಟಿಸು ಬಂತು. ಹೋಗಿ ತಪ್ಪಾಯಿತು ಅಂದೆ. ಮೂರು ತಿಂಗಳು ಅಮಾನತು. ಎಸಿ ಕೆಲಸ ಅಂದರೆ ಗ್ಯಾಸ್ ಸಿಲಿಂಡರು, ಟೂಲ್ ಬ್ಯಾಗು. ಅದನ್ನೆಲ್ಲ ಹೊತ್ತು ಸಿಟಿ ಬಸ್ಸಿನಲ್ಲಿ ಹತ್ತಿದರೆ ಕಂಡಕ್ಟರು ದಿನಾ ಬೈಯುವುದು. ದಿನಕ್ಕೆ ನಾಲ್ಕು ಮನೆ ಮಾಡುತ್ತಿದ್ದವ ಎರಡಕ್ಕೆ ಇಳಿದೆ.

ನಿಜವಾದ ಹೊಡೆತ ಬಿದ್ದದ್ದು ಸೆಪ್ಟೆಂಬರಿನಲ್ಲಿ. ಬಹ್ರೇನಿನ ಒಂದು ಕಂಪನಿಯಲ್ಲಿ ನನಗೆ ಕೆಲಸ ಹೆಚ್ಚುಕಡಿಮೆ ಖಚಿತ ಆಗಿತ್ತು. ವೀಸಾಕ್ಕೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕು. 500 ರೂಪಾಯಿ ಕಟ್ಟಿ ಅರ್ಜಿ ಹಾಕಿದೆ. ಪರಿಶೀಲನೆಯಲ್ಲಿ ಬಾಕಿ ಇರುವ ಕ್ರಿಮಿನಲ್ ಕೇಸು ಅಂತ ಬಂತು. ನನ್ನದು ಟ್ರಾಫಿಕ್ ಕೇಸು, ಕ್ರಿಮಿನಲ್ ಅಲ್ಲ ಅಂತ ವಾದ ಮಾಡಿದೆ. ಆದರೆ ನ್ಯಾಯ ಸಂಹಿತೆಯ ಕಲಂ ಹಾಕಿ ಎಫ್‌ಐಆರ್ ಆದಮೇಲೆ ಅದು ಕ್ರಿಮಿನಲ್ ಕೇಸೇ. ಕಂಪನಿಯವರು ಒಂದು ತಿಂಗಳು ಕಾದರು, ಆಮೇಲೆ ಬೇರೆಯವರನ್ನು ತೆಗೆದುಕೊಂಡರು. ಅಮ್ಮನಿಗೆ ಹೇಳಲು ನನಗೆ ನಾಲ್ಕು ದಿನ ಬೇಕಾಯಿತು. ನಮ್ಮೂರಲ್ಲಿ ಗಲ್ಫಿಗೆ ಹೋಗುವ ಯೋಚನೆ ಇರುವ ಹುಡುಗರು ಮನೆಗೊಬ್ಬರು ಇದ್ದಾರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಅಕ್ಟೋಬರಿನಲ್ಲಿ ಚಾರ್ಜ್‌ಶೀಟ್ ಆಯಿತು, ಡಿಸೆಂಬರಿಗೆ ಸಮನ್ಸು. ಕೇಸಿಗೊಂದು ಸಿಎನ್‌ಆರ್ ನಂಬರ್ ಇರುತ್ತದೆ, 16 ಅಕ್ಷರದ್ದು. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಕು ಕಾಣುತ್ತದೆ. ವಕೀಲರಿಗೆ ದಿನಾ ಫೋನ್ ಮಾಡಿ ಪೀಡಿಸುವುದು ತಪ್ಪುತ್ತದೆ.

ಕರಂಗಲ್ಪಾಡಿಯ ಕೋರ್ಟಿಗೆ ಮೊದಲ ದಿನ ಹತ್ತೂವರೆಗೇ ಹೋಗಿ ಕೂತೆ. ಹೆಸರು ಕೂಗಿದ್ದು ಮೂರು ಗಂಟೆಯ ಮೇಲೆ. ಮಧ್ಯದಲ್ಲಿ ಚಾ ಕುಡಿಯಲು ಹೋಗುವುದಕ್ಕೂ ಹೆದರಿಕೆ, ಆಗಲೇ ಕೂಗಿದರೆ? ಮಾವ ಇಲ್ಲಿಗೂ ಬಂದು ಜಾಮೀನು ಹಾಕಿದರು. ಠಾಣೆಗೊಂದು, ಗಾಡಿಗೊಂದು, ಕೋರ್ಟಿಗೊಂದು, ಒಟ್ಟು ಮೂರು ಸಲ.

ತಪ್ಪೊಪ್ಪಿಕೊಳ್ಳುವುದಾ, ಕೇಸು ನಡೆಸುವುದಾ? ಇದರಲ್ಲಿ ತುಂಬ ಒದ್ದಾಡಿದೆ. 281 ರಾಜಿ ಮಾಡಿ ಮುಗಿಸುವ ಕಲಂ ಅಲ್ಲ. ನಡೆಸಿದರೆ ಸಾಕ್ಷಿ, ವಿಚಾರಣೆ ಅಂತ ವರ್ಷಗಟ್ಟಲೆ. ಒಪ್ಪಿಕೊಂಡರೆ ಬೇಗ ಮುಗಿಯುತ್ತದೆ, ಆದರೆ ಅದು ಶಿಕ್ಷೆಯಾದ ಹಾಗೆಯೇ. ಮುಂದೆ ಯಾವುದಾದರೂ ಫಾರಂ ನಿಮಗೆ ಶಿಕ್ಷೆ ಆಗಿದೆಯಾ ಅಂತ ಕೇಳಿದರೆ ಹೌದು ಅಂತ ಬರೆಯಬೇಕು. "ದಂಡ ಕಟ್ಟಿ ಮುಗಿಸು ಮಾರಾಯ" ಅನ್ನುವವರು ಇದನ್ನು ಹೇಳುವುದಿಲ್ಲ. ಎಲ್ಲ ಕೇಸಿಗೂ ಒಪ್ಪಿಕೊಳ್ಳುವುದೇ ದಾರಿ ಅಂತ ನಾನು ಹೇಳುವುದಿಲ್ಲ, ನಿಮ್ಮ ವಕೀಲರನ್ನು ಕೇಳಿ. ನನ್ನ ಮಟ್ಟಿಗೆ ಆ ಹಿರಿಯರನ್ನು ಕಟಕಟೆಗೆ ಕರೆಸಿ, ನಾನು ತಾಗಿಸಿಲ್ಲ ಅಂತ ಅವರ ಎದುರು ಹೇಳಿಸಲು ಮನಸ್ಸು ಬರಲಿಲ್ಲ.

ಫೆಬ್ರವರಿಯಲ್ಲಿ ನ್ಯಾಯಾಧೀಶರು ಆರೋಪ ಓದಿ ಹೇಳಿ, "ಒಪ್ಪಿಕೊಳ್ಳುತ್ತೀರಾ? ಯಾರಾದರೂ ಒತ್ತಾಯ ಮಾಡಿದ್ದಾರಾ?" ಅಂತ ಕೇಳಿದರು. ಒಪ್ಪಿಕೊಳ್ಳುತ್ತೇನೆ, ಯಾರ ಒತ್ತಾಯವೂ ಇಲ್ಲ ಅಂದೆ. ಎಲ್ಲ ಕಲಂ ಸೇರಿ 4,500 ದಂಡ, ಕಟ್ಟದಿದ್ದರೆ ಹತ್ತು ದಿನ ಸಾದಾ ಸಜೆ. ಎರಡು ನಿಮಿಷದ ಕೆಲಸ. ರಸೀದಿ ಮತ್ತು ತೀರ್ಪಿನ ದೃಢೀಕೃತ ಪ್ರತಿ ಕೇಳಿ ತೆಗೆದುಕೊಳ್ಳಿ. ಆರ್‌ಟಿಒದಲ್ಲಿ ಬೇಕಾಗುತ್ತದೆ.

ಅದೇ ವಾರ ಆ ಹಿರಿಯರ ಮನೆ ಹುಡುಕಿಕೊಂಡು ಹೋದೆ. ಒಂದು ಕೊಡೆ, ಒಂದು ಚೀಲ ಹಣ್ಣು. ಜಗಲಿಯಲ್ಲಿ ಕೂತು ಬೀಡಿ ಕಟ್ಟುವ ಎಲೆ ಕತ್ತರಿಸುತ್ತಿದ್ದರು, ಹೆಂಡತಿಗೆ ಸಹಾಯವಂತೆ. ನಾನು ಯಾರು ಅಂತ ಹೇಳಿದೆ. ಕತ್ತರಿ ಕೆಳಗಿಡಲಿಲ್ಲ. "ನಿಂದು ಮುಗೀತಾ ಕೇಸು?" ಅಂತ ಕೇಳಿದರು. ಮುಗಿಯಿತು ಅಂದೆ. "ನನ್ನ ಕೈ ಮಳೆ ಬಂದರೆ ಈಗಲೂ ನೋಯ್ತದೆ" ಅಂದರು. ಬೆಲ್ಲ, ನೀರು ತರಿಸಿಕೊಟ್ಟರು. ಕೊಡೆ ಬಿಡಿಸಿ ನೋಡಿ, "ಇದು ಗಾಳಿಗೆ ನಿಲ್ಲುವುದಲ್ಲ" ಅಂತ ಪಕ್ಕಕ್ಕಿಟ್ಟರು.

ಆಮೇಲೆ ನಮೂನೆ 31. ಕಾಗದಗಳೆಲ್ಲ ಆಗಲೇ ಇದ್ದದ್ದರಿಂದ ಇದು ಬೇಗ ಆಯಿತು. ಹೊಗೆ ತಪಾಸಣೆ ಮಾಡಿಸಿದೆ, ವಿಮೆಯಲ್ಲೂ ಹೆಸರು ಬದಲಿಸಿದೆ. ಇಡೀ ಕತೆಗೆ ಕೈಯಿಂದ ಹೋದದ್ದು ಸುಮಾರು 26,000, ಕೆಲಸ ತಪ್ಪಿದ ದಿನಗಳ ಲೆಕ್ಕ ಬೇರೆ. ಆರ್‌ಟಿಒ ಕೌಂಟರಿನಲ್ಲಿ ಹಳೇ ಆರ್‌ಸಿ ಕಾರ್ಡು ಒಪ್ಪಿಸಬೇಕು, ಅದು ವಾಪಸ್ ಸಿಗುವುದಿಲ್ಲ. ಕೊಡುವ ಮೊದಲು ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ.

ನಾನು ತೆಗೆದಿರಲಿಲ್ಲ. ಹೊಸ ಕಾರ್ಡು ಬಂದ ದಿನ ಅಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಪ್ಪನದ್ದು ಎಲ್ಲಿ?" ಅಂತ ಕೇಳಿದರು. ಕೇಸಿನ ಫೈಲು ತಡಕಾಡಿದೆ. ಕೋರ್ಟಿಗೆ ಕೊಟ್ಟು ಉಳಿದ ಒಂದು ಝೆರಾಕ್ಸ್ ಸಿಕ್ಕಿತು. ಅರ್ಧ ಅಕ್ಷರ ಮಸಿಯಲ್ಲಿ ಮುಚ್ಚಿಹೋಗಿದೆ, ಹೆಸರು ಮಾತ್ರ ಓದಲು ಬರುತ್ತದೆ. ಅದನ್ನು ಮಡಚಿ ಕಪಾಟಿನಲ್ಲಿ ಸೀರೆಯ ಅಡಿಗೆ ಇಟ್ಟರು.